ನರಸಾಪುರದ ನಂತರ ದೂರು ಕೇಳುವವರು ಯಾರು?

2020ರ ಡಿಸೆಂಬರ್ 12ರ ಬೆಳಗಿನ ಜಾವ, ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಐಫೋನ್ ಜೋಡಿಸುವ ಜಾಗವಾದ್ದರಿಂದ ಸುದ್ದಿ ದೇಶ ದಾಟಿತು. ನಷ್ಟ 437 ಕೋಟಿ ರೂಪಾಯಿ ಎಂದು ಪೊಲೀಸರಿಗೆ ಕೊಟ್ಟ ದೂರಿನಲ್ಲಿತ್ತು; ಆಮೇಲೆ ಕಂಪನಿಯೇ ಅದಕ್ಕಿಂತ ಬಹಳ ಕಡಿಮೆ ಅಂಕಿ ಕೊಟ್ಟಿತು. ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು.

ದಾಂಧಲೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಅದರ ಹಿಂದಿನ ಎರಡು ತಿಂಗಳನ್ನು ಮರೆಯುವಂತೆಯೂ ಇಲ್ಲ. ಅಕ್ಟೋಬರ್, ನವೆಂಬರ್ ತಿಂಗಳ ಸಂಬಳ ಕೆಲವರಿಗೆ ಸರಿಯಾಗಿ ತಲುಪಿರಲಿಲ್ಲ ಎಂಬುದನ್ನು ಆಪಲ್ ಕಂಪನಿಯೇ ಒಪ್ಪಿಕೊಂಡಿತು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಅಷ್ಟು ಜನರ ಹಾಜರಿ, ಓಟಿ, ಸಂಬಳದ ಲೆಕ್ಕ ಇಡುವ ವ್ಯವಸ್ಥೆ ಬೆಳೆದಿರಲಿಲ್ಲ. ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. ಇಂಥ ಕಡೆಗಳಲ್ಲಿ ನಡೆಯುವುದೇನೆಂದು ಗುತ್ತಿಗೆ ಕೆಲಸ ಮಾಡಿದವರಿಗೆಲ್ಲ ಗೊತ್ತು: ಎಚ್‌ಆರ್ ಬಳಿ ಹೋದರೆ ‘ನಿಮ್ಮ ಏಜೆನ್ಸಿಯವರನ್ನು ಕೇಳಿ’, ಏಜೆನ್ಸಿಯವರನ್ನು ಕೇಳಿದರೆ ‘ಕಂಪನಿಯಿಂದ ಹಾಜರಿಯೇ ಬಂದಿಲ್ಲ’.

ಗಲಭೆಯ ನಂತರ ವಿಸ್ಟ್ರಾನ್ ತನ್ನ ಭಾರತ ವಹಿವಾಟಿನ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಹೆಸರು ಹೇಳದೆ ದೂರು ಕೊಡಲು ದಿನದ 24 ಗಂಟೆಯೂ ತೆರೆದ ಸಹಾಯವಾಣಿ ಆರಂಭಿಸಿತು, ಅದೂ ಕನ್ನಡ, ತೆಲುಗು, ತಮಿಳು ಸೇರಿ ಹಲವು ಭಾಷೆಗಳಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು.

ಕಾನೂನಿಗೆ ಬರವಿರಲಿಲ್ಲ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದು ಕೈಗಾರಿಕಾ ವಿವಾದ ಕಾಯ್ದೆಗೆ 2010ರಲ್ಲೇ ತಿದ್ದುಪಡಿ ಆಗಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಈ ಸಮಿತಿಯಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮಸಂಖ್ಯೆಯಲ್ಲಿರಬೇಕು, 30 ದಿನದೊಳಗೆ ತೀರ್ಮಾನವಾಗಬೇಕು, ಕಾರ್ಮಿಕ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪದ ತೀರ್ಮಾನ ತೀರ್ಮಾನವೇ ಅಲ್ಲ. ಇದು ಒಳ್ಳೆಯ ಅಂಶ. ಆದರೆ ನ್ಯಾಯ ಸಿಗದವರು ರಾಜಿ ಸಂಧಾನಾಧಿಕಾರಿಯ ಬಳಿ ಹೋಗಬೇಕಾದರೆ ತಾವು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕವೇ ಹೋಗಬೇಕು. ಯೂನಿಯನ್ ಎಂದರೆ ಕೆಲಸ ಹೋದೀತೆಂದು ಹೆದರುವ ಗುತ್ತಿಗೆ ಹುಡುಗ ಎಲ್ಲಿಗೆ ಹೋಗಬೇಕು?

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಈ ವಿಷಯದಲ್ಲಿ ಜಾಣತನ ತೋರಿತ್ತು. ಗುತ್ತಿಗೆದಾರನ ಮೂಲಕ ಬಂದವಳನ್ನೂ ಅದು ಉದ್ಯೋಗಿಯೆಂದೇ ಎಣಿಸುತ್ತದೆ. ಸಮಿತಿಯಲ್ಲಿ ಸಂಸ್ಥೆಯ ಹೊರಗಿನ ಒಬ್ಬರು ಇರಲೇಬೇಕೆನ್ನುತ್ತದೆ. ಅಲ್ಲೂ ಕಾಗದದ ಸಮಿತಿಗಳಿವೆ ನಿಜ. ಹಾಗಿದ್ದರೂ ಸಂಬಳ, ರಜೆ, ಪಾಳಿಯ ದೂರುಗಳಿಗೆ ಈ ಹೊರಗಿನ ಕಣ್ಣು ಏಕೆ ಬೇಡವೆಂದು ಸಂಹಿತೆ ಬರೆದವರು ಹೇಳಿಲ್ಲ. ತನ್ನ ಮೇಲಿನ ದೂರನ್ನು ತಾನೇ ವಿಚಾರಿಸುವ ಸೂಪರ್‌ವೈಸರ್‌ನಿಂದ ನ್ಯಾಯ ನಿರೀಕ್ಷಿಸುವುದು ಹುಚ್ಚುತನ.

ಕಾರ್ಮಿಕ ಇಲಾಖೆಗೆ ನಮ್ಮ ಒತ್ತಾಯ ಇಷ್ಟೇ. ತಪಾಸಣೆಗೆ ಹೋದಾಗ ಸಮಿತಿಯ ಸದಸ್ಯರ ಪಟ್ಟಿ ನೋಡಿ ತೃಪ್ತರಾಗದೆ ದೂರುಗಳ ರಿಜಿಸ್ಟರ್ ತೆರೆಸಿ. ಸಾವಿರಾರು ಗುತ್ತಿಗೆ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಅವರದೊಂದೂ ದೂರು ದಾಖಲಾಗಿಲ್ಲವೆಂದರೆ, ವಿಚಾರಣೆಯನ್ನು ಅಲ್ಲಿಂದಲೇ ಶುರು ಮಾಡಿ.