ಹುಲ್ಲುಬಯಲಿನ ಗೋರಿಗಳೂ ನಮ್ಮ ಅಕ್ಷರವೂ

ಊರು ಬಿಟ್ಟು ಬಂದವನು ಮೊದಲು ತನ್ನ ತಲೆಯ ಮೇಲೊಂದು ಸೂರನ್ನು ಕಟ್ಟಿಕೊಳ್ಳುತ್ತಾನೆ. ಅನಂತರ ತನ್ನ ದೇವರಿಗೊಂದು ನೆಲೆಯನ್ನು ಕಟ್ಟುತ್ತಾನೆ. ಮೂರನೆಯದನ್ನು ಅವನು ಬಯಸುವುದಿಲ್ಲ. ಆದರೂ ಅದು ತಾನಾಗಿಯೇ ಒದಗುತ್ತದೆ. ಅದು ಶ್ಮಶಾನ. ಈ ಮೂರೂ ಆದ ಮೇಲೆಯೇ ಪರಸ್ಥಳವು ಅವನ ಪಾಲಿಗೆ ಊರೆನಿಸುವುದು.

ಕಳೆದ ವರ್ಷ ಭೂಗೋಲದ ಅಧ್ಯಾಪಕರು ರಜೆಯಲ್ಲಿದ್ದಾಗ ಅವರ ತರಗತಿಯನ್ನು ತೆಗೆದುಕೊಳ್ಳುವ ಪ್ರಸಂಗ ನನಗೆ ಬಂದಿತು. ಅಂದಿನ ಪಾಠ ಉತ್ತರ ಅಮೆರಿಕದ ಪ್ರೇರಿ. ಗಾಳಿ, ಹುಲ್ಲು, ಕಪ್ಪು ಮಣ್ಣು, ಗೋದಿ, ಯಂತ್ರ: ಪುಸ್ತಕದಲ್ಲಿದ್ದುದು ಇಷ್ಟೆ. ಪಾಠ ಮುಗಿದಾಗ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ಅಲ್ಲಿ ಜನರೇ ಇಲ್ಲವೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಡನ್ನು ನಾನು ಕಣ್ಣಾರೆ ಕಂಡವನಲ್ಲ. ಅಂದಿನಿಂದ ಓದಿ ತಿಳಿದವನು. ಹಾಗೆ ಓದುತ್ತ ಹೋದಾಗ ಅಲ್ಲಿಯ ಹಳೆಯ ಇಗರ್ಜಿಗಳ ಮತ್ತು ಗೋರಿಗಳ ವೃತ್ತಾಂತವು, ಪರಸ್ಥಳದಲ್ಲಿ ಕನ್ನಡ ಕಲಿಸಿ ಬದುಕುವ ನನ್ನಂಥವನ ಮನಸ್ಸನ್ನು ಬಹಳವಾಗಿ ಕಲಕಿತು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದ ಆಗ್ನೇಯ ಭಾಗದಲ್ಲಿ ಸ್ಟುವರ್ಟ್‌ಬರ್ನ್ ಎಂಬ ಗ್ರಾಮಾಂತರ ಸೀಮೆಯಿದೆ. ೧೮೭೨ರ ಡೊಮಿನಿಯನ್ ಭೂ ಕಾಯಿದೆಯ ಪ್ರಕಾರ ೧೦ ಡಾಲರು ಶುಲ್ಕ ತೆತ್ತವನಿಗೆ ೧೬೦ ಎಕರೆ ನೆಲ ದೊರೆಯುತ್ತಿದ್ದಿತು. ಮೂರು ವರ್ಷ ಅಲ್ಲಿ ವಾಸಿಸಿ ಉತ್ತು ಬಿತ್ತಿ ತೋರಿಸಿದರೆ ಒಡೆತನವೂ ಲಭಿಸುತ್ತಿದ್ದಿತು. ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಷಿಯ, ಬುಕೊವಿನ ಪ್ರದೇಶಗಳಲ್ಲಿ ಉಕ್ರೇನಿ ರೈತರು ತಲೆಮಾರಿನಿಂದ ತಲೆಮಾರಿಗೆ ಹರಿದು ಚೂರಾದ ಹೊಲಗಳಲ್ಲಿ ಹೊಟ್ಟೆ ಹೊರೆಯಲಾರದೆ ಇದ್ದರು. ಅಂಥವರಲ್ಲಿ ಇಬ್ಬರು ೧೮೯೧ರಲ್ಲಿ ಕೆನಡಾ ನಾಡನ್ನು ನೋಡಿಬಂದರು. ೧೮೯೬ರಲ್ಲಿ ಒಂದು ತಂಡವು ಸ್ಟುವರ್ಟ್‌ಬರ್ನಿಗೆ ಬಂದು ನೆಲೆಸಿತು. ನೆಲ ಕಲ್ಲು, ಜೌಗು, ಆದರೆ ಮರವಿದ್ದಿತು. ಸ್ವದೇಶದಲ್ಲಿ ಒಂದು ಹೊರೆ ಸೌದೆಗೂ ಜಮೀನುದಾರನ ಮುಖ ನೋಡಬೇಕಾಗಿದ್ದ ಜನಕ್ಕೆ ಮರವೇ ಐಶ್ವರ್ಯವಾಗಿ ಕಂಡಿತು.

ಬಂದ ಮೂರು ವರ್ಷಗಳಲ್ಲಿಯೇ, ಎಂದರೆ ೧೮೯೯ರ ವೇಳೆಗೆ, ಗಾರ್ಡನ್‌ಟನ್ ಎಂಬಲ್ಲಿ ಅವರು ಸಂತ ಮೈಕೇಲರ ಇಗರ್ಜಿಯನ್ನು ಮರದ ದಿಮ್ಮಿಗಳಿಂದ ಕಟ್ಟಿ ಮುಗಿಸಿದರು. ಶಿಲ್ಪಿಯಿಲ್ಲ, ಸರಕಾರದ ಧನವಿಲ್ಲ. ಊರಲ್ಲಿ ಕಂಡ ದೇವಮಂದಿರದ ನೆನಪೇ ನಕ್ಷೆ. ಅನೇಕ ಊರುಗಳಲ್ಲಿ ಪಾದ್ರಿಯೇ ಇರಲಿಲ್ಲ. ಹಾಡು ಬಲ್ಲ ರೈತನೇ ಮುಂದೆ ನಿಂತು ಪ್ರಾರ್ಥನೆ ನಡೆಸಬೇಕಾಗಿದ್ದಿತು. ಇದೇ ಪ್ರಾಂತದ ಕುಕ್ಸ್ ಕ್ರೀಕ್ ಎಂಬಲ್ಲಿ ಫಾದರ್ ಫಿಲಿಪ್ ರೂ ಎಂಬವರ ಮಾರ್ಗದರ್ಶನದಲ್ಲಿ ೧೯೩೦ರಲ್ಲಿ ಆರಂಭವಾದ ಮಹಾಮಂದಿರವು ೧೯೫೨ರಲ್ಲಿ ಮುಗಿಯಿತು. ಬೆಳೆಗೆ ಬೆಲೆಯೇ ಇಲ್ಲದ ಆ ಕಷ್ಟದ ವರ್ಷಗಳಲ್ಲಿ ರೈತರು ಕೂಲಿಯಿಲ್ಲದೆ ದುಡಿದು ಅದರ ಗುಮ್ಮಟಗಳನ್ನು ಎತ್ತಿದರು.

ಇದನ್ನೆಲ್ಲ ಹೇಳುವಾಗ ಅವರನ್ನು ದೇವತೆಗಳನ್ನಾಗಿ ಮಾಡಬೇಕಾದುದಿಲ್ಲ. ಆಲ್ಬರ್ಟ ಪ್ರಾಂತದ ಸ್ಟಾರ್ ಎಂಬಲ್ಲಿ ಒಂದೇ ಇಗರ್ಜಿಗಾಗಿ ಗ್ರೀಕ್ ಕ್ಯಾಥೊಲಿಕರೂ ಆರ್ಥಡಾಕ್ಸರೂ ಜಗಳವಾಡಿದರು. ಆ ವ್ಯಾಜ್ಯವು ಲಂಡನ್ನಿನ ಪ್ರೀವಿ ಕೌನ್ಸಿಲ್ಲಿನವರೆಗೆ ಏರಿ ೧೯೦೭ರಲ್ಲಿ ಆರ್ಥಡಾಕ್ಸರ ಪರವಾಗಿ ತೀರ್ಮಾನವಾಯಿತು. ಪರದೇಶದಲ್ಲಿ ನಾಲ್ಕು ಮನೆಗಳಿದ್ದರೂ ಎರಡು ಸಂಘಗಳಾಗುವುದು ನಮಗೇನು ಹೊಸ ಸಂಗತಿಯಲ್ಲ!

ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಮಾತ್ರ ಅವರ ಶಾಲೆಗಳ ಕಥೆ. ೧೮೯೭ರಲ್ಲಿ ಮ್ಯಾನಿಟೋಬದ ಶಾಲಾ ಕಾನೂನಿನಲ್ಲಿ ಒಂದು ಒಪ್ಪಂದ ಸೇರಿದ್ದಿತು: ಇಂಗ್ಲಿಷಲ್ಲದ ಒಂದು ಭಾಷೆಯನ್ನಾಡುವ ಹತ್ತು ಮಕ್ಕಳು ಶಾಲೆಯಲ್ಲಿದ್ದರೆ, ಇಂಗ್ಲಿಷಿನೊಡನೆ ಆ ಭಾಷೆಯಲ್ಲಿಯೂ ಪಾಠ ನಡೆಯಬೇಕು. ಆ ಆಶ್ರಯದಲ್ಲಿ ಉಕ್ರೇನಿ ಮಕ್ಕಳು ತಮ್ಮ ಅಕ್ಷರವನ್ನು ಕಲಿತರು. ಯುದ್ಧಕಾಲದ ೧೯೧೬ರಲ್ಲಿ ಪ್ರಾಂತಸರಕಾರವು ಆ ಅವಕಾಶವನ್ನು ರದ್ದುಗೊಳಿಸಿತು. ಶಾಲೆಯಿಂದ ಹೊರದೂಡಲ್ಪಟ್ಟ ಭಾಷೆಗೆ ಆಮೇಲೆ ಉಳಿದ ನೆಲೆಗಳೆಂದರೆ ಅಡಿಗೆಯ ಮನೆ, ಊರಿನ ಸಭಾಮಂದಿರ, ಇಗರ್ಜಿ ಮತ್ತು ಗೋರಿಯ ಕಲ್ಲು.

ಈಸ್ಟರ್ ಹಬ್ಬ ಕಳೆದ ಮೇಲೆ ಈ ಜನರು ಗೋರಿಗಳ ಬಳಿ ನೆರೆದು, ರೊಟ್ಟಿಯನ್ನಿಟ್ಟು, ಮೃತರ ಹೆಸರು ಹಿಡಿದು ಪ್ರಾರ್ಥಿಸುವ ಪದ್ಧತಿಯುಂಟು. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಆ ಕಲ್ಲುಗಳ ಮೇಲಿನ ಬರಹ ಸಿರಿಲಿಕ್ ಲಿಪಿಯಲ್ಲಿದೆ. ಮುತ್ತಜ್ಜಿಯ ಗೋರಿಯ ಮುಂದೆ ಹೂವಿಡಿದು ನಿಂತ ಎಷ್ಟೋ ಮರಿಮಕ್ಕಳಿಗೆ ಅವಳ ಹೆಸರನ್ನು ಓದಲು ಬಾರದು. ಹೆಸರು ಎದುರಿಗೇ ಇದೆ; ಕಲ್ಲು ಸವೆದಿಲ್ಲ; ಸವೆದುಹೋದುದು ಓದುವ ಕಣ್ಣು.

ಇಂದು ಪ್ರೇರಿಯ ಗ್ರಾಮಾಂತರ ಬರಿದಾಗುತ್ತಿದೆ. ನೆರೆಯ ಸಸ್ಕ್ಯಾಚವನ್ ಪ್ರಾಂತದಲ್ಲಿ ೧೯೩೬ರಲ್ಲಿ ಸುಮಾರು ೧,೪೨,೦೦೦ ಬೇಸಾಯದ ಹಿಡುವಳಿಗಳಿದ್ದುವು. ೨೦೨೧ರಲ್ಲಿ ಉಳಿದವು ಸುಮಾರು ೩೪,೦೦೦. ಯಂತ್ರ ಬಂದು ಹಿಡುವಳಿ ಹಿಗ್ಗಿತು, ಮನೆಗಳು ಕುಗ್ಗಿದುವು. ಕವಲು ರೈಲುಮಾರ್ಗಗಳು ಮುಚ್ಚಿದುವು. ಮಕ್ಕಳು ನಗರ ಸೇರಿದರು. ಎಷ್ಟೋ ಇಗರ್ಜಿಗಳಲ್ಲಿ ವರ್ಷಕ್ಕೊಮ್ಮೆ ಮಾತ್ರ ಗಂಟೆ ಬಾರಿಸುತ್ತದೆ. ಹಾಗಾದರೆ ಅವುಗಳನ್ನು ಏನು ಮಾಡಬೇಕು?

ಕಾಲಕ್ಕೆ ಬಿಟ್ಟುಬಿಡಿ ಎನ್ನುವವರಿದ್ದಾರೆ. ಎತ್ತಿ ತಂದು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿ ಎನ್ನುವವರೂ ಇದ್ದಾರೆ. ಎಡ್ಮಂಟನ್ ನಗರದ ಪೂರ್ವಕ್ಕೆ ಇಂಥ ಹಳೆಯ ಕಟ್ಟಡಗಳನ್ನು ಕೂಡಿಸಿ ಒಂದು ಗ್ರಾಮವನ್ನೇ ರಚಿಸಿದ್ದಾರೆ. ಅದು ಒಳ್ಳೆಯ ಕೆಲಸವೇ. ಆದರೆ ಕಟ್ಟಡವನ್ನು ಸಾಗಿಸಬಹುದು, ಗೋರಿಗಳನ್ನು ಸಾಗಿಸಲಾಗದು. ನನ್ನ ಅಭಿಪ್ರಾಯದಲ್ಲಿ, ಹಣ ಕಡಮೆಯಿದ್ದಲ್ಲಿ ಮೊದಲು ಕಾಪಾಡಬೇಕಾದುದು ಗುಮ್ಮಟವನ್ನಲ್ಲ, ಹೆಸರುಗಳನ್ನು. ಮೌಂಟನ್ ರೋಡ್ ಎಂಬಲ್ಲಿ ಇದೇ ಫಾದರ್ ರೂ ಕಟ್ಟಿಸಿದ್ದ ದೊಡ್ಡ ಇಗರ್ಜಿಯು ೧೯೬೬ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಮರದ ಆಯುಷ್ಯವೇ ಅಷ್ಟು. ಹೆಸರುಗಳನ್ನು ಓದಿ ಬರೆದಿಟ್ಟರೆ ಅವುಗಳನ್ನು ಸಿಡಿಲು ಸುಡಲಾರದು.

ಹೆಸರಿಲ್ಲದೆ ಹೋಗುವುದೆಂದರೇನು ಎಂಬುದಕ್ಕೆ ಅದೇ ಹುಲ್ಲುಬಯಲಿನಲ್ಲಿ ಇನ್ನೊಂದು ಸಾಕ್ಷಿಯಿದೆ. ಆ ನೆಲವೇನು ಖಾಲಿಯಾಗಿರಲಿಲ್ಲ. ರೈತರು ಬರುವುದಕ್ಕೆ ಮೊದಲು ಅದು ಮೂಲನಿವಾಸಿಗಳ ನಾಡು. ೧೮೭೧ರ ಮೊದಲನೆಯ ಒಪ್ಪಂದದ ಮೂಲಕ ದಕ್ಷಿಣ ಮ್ಯಾನಿಟೋಬ ಸರಕಾರದ ವಶವಾಯಿತು. ಆ ಜನರ ಮಕ್ಕಳನ್ನು ಮನೆಯಿಂದ ಅಗಲಿಸಿ, ತಾಯಿನುಡಿಯನ್ನು ಆಡದಂತೆ ತಡೆದು, ಚರ್ಚುಗಳು ನಡೆಸುತ್ತಿದ್ದ ವಸತಿಶಾಲೆಗಳಲ್ಲಿ ಬೆಳೆಸಿದರು. ಸಸ್ಕ್ಯಾಚವನ್ ಪ್ರಾಂತದ ಮಾರಿಯವಲ್ ವಸತಿಶಾಲೆಯಿದ್ದ ಸ್ಥಳದಲ್ಲಿ ಗುರುತಿಲ್ಲದ ೭೫೧ ಗೋರಿಗಳವರೆಗೆ ಇರಬಹುದೆಂದು ೨೦೨೧ರ ಜೂನ್ ತಿಂಗಳಲ್ಲಿ ಅಲ್ಲಿಯ ಕೌಸೆಸ್ ಸಮುದಾಯ ಪ್ರಕಟಿಸಿತು. ಅವೆಲ್ಲವೂ ಮಕ್ಕಳ ಗೋರಿಗಳೆಂದು ಅವರು ಹೇಳಲಿಲ್ಲ. ಒಮ್ಮೆ ಗುರುತುಗಳಿದ್ದುವು, ೧೯೬೦ರ ದಶಕದಲ್ಲಿ ಅವುಗಳನ್ನು ತೆಗೆದುಹಾಕಿದರು ಎಂದು ಹೇಳಿದರು. ತರುವಾಯ ಅವರು ದಾಖಲೆಗಳನ್ನೂ ಹಿರಿಯರ ನೆನಪನ್ನೂ ಹುಡುಕಿ ಒಂದೊಂದೇ ಹೆಸರನ್ನು ಗುರುತಿಸತೊಡಗಿದರು. ಒಂದೇ ಬಯಲಿನಲ್ಲಿ ಒಬ್ಬರ ಶಿಲುಬೆಗೆ ಸುಣ್ಣ ಬಳಿದು, ಇನ್ನೊಬ್ಬರ ಗೋರಿಯನ್ನು ಮರೆತರೆ ಅದು ಇತಿಹಾಸದ ರಕ್ಷಣೆಯಲ್ಲ. ರೈತರ ಇಗರ್ಜಿಯನ್ನು ನೋಡಲು ಹೋಗುವ ಯಾತ್ರಿಕನು ಆ ಮಣ್ಣಿನ ಮುಂದೆಯೂ ತಲೆ ಬಾಗಿಸಬೇಕೆಂದು ನನ್ನ ಮತ.

ಇಷ್ಟು ದೂರದ ಮಾತನ್ನು ನಮ್ಮ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಏಕೆ ಬರೆದೆನೆಂದು ವಾಚಕರು ಕೇಳಬಹುದು. ಹತ್ತು ವರ್ಷಗಳ ಹಿಂದೆ ನಾನು ವಿಜಾಪುರದ ಕಡೆಯಿಂದ ಈ ಮುಂಬಯಿಗೆ ಬಂದಾಗ ನಮ್ಮಲ್ಲಿ ಎಂಟನೆಯ ತರಗತಿಗೆ ಎರಡು ವಿಭಾಗಗಳಿದ್ದುವು. ಈಗ ಒಂದೇ, ಅದರಲ್ಲಿಯೂ ಹಿಂದಿನ ಬೆಂಚುಗಳು ಬರಿದಾಗಿವೆ. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುವ ತಂದೆತಾಯಿಗಳನ್ನು ನಾನು ದೂರುವುದಿಲ್ಲ. ಅನ್ನದ ಪ್ರಶ್ನೆಯ ಮುಂದೆ ಉಪದೇಶ ನಿಲ್ಲುವುದಿಲ್ಲ. ಉಕ್ರೇನಿ ಮಕ್ಕಳೂ ಇಂಗ್ಲಿಷ್ ಕಲಿತೇ ವೈದ್ಯರೂ ವಕೀಲರೂ ಆದರು. ನಮ್ಮ ಭಾಷೆಯನ್ನು ಇಲ್ಲಿ ಕಾನೂನು ಯಾವುದೂ ಹೊರದೂಡಲಿಲ್ಲ ಎಂಬ ವ್ಯತ್ಯಾಸವನ್ನೂ ಒಪ್ಪಬೇಕು. ಆದುದರಿಂದಲೇ ನಮ್ಮ ಹೊಣೆ ಹೆಚ್ಚು. ಮಗುವು ಯಾವ ಮಾಧ್ಯಮದಲ್ಲಿ ಬೇಕಾದರೂ ಓದಲಿ. ತನ್ನ ಅಜ್ಜನ ಸಮಾಧಿಯ ಮೇಲಿನ ಹೆಸರನ್ನು ಓದುವಷ್ಟು ಕನ್ನಡವು ಅದಕ್ಕೆ ಬೇಡವೆ? ಅಷ್ಟನ್ನು ಕಲಿಸಲು ದಿನಕ್ಕೆ ಅರ್ಧ ಗಂಟೆ ಸಾಕು.

ಕಳೆದುಕೊಂಡ ಮೇಲೂ ಪಡೆಯಬಹುದು ಎಂಬುದಕ್ಕೆ ಅಲ್ಲಿಯೇ ನಿದರ್ಶನವಿದೆ. ೧೯೭೪ರಲ್ಲಿ ಎಡ್ಮಂಟನ್ನಿನ ಶಾಲೆಗಳಲ್ಲಿ ಉಕ್ರೇನಿ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪಾಠ ಹೇಳುವ ವ್ಯವಸ್ಥೆ ಆರಂಭವಾಯಿತು; ಕೆಲವು ವರ್ಷಗಳ ತರುವಾಯ ಮ್ಯಾನಿಟೋಬದಲ್ಲಿಯೂ ಬಂದಿತು. ಆದರೆ ೧೯೧೬ರಿಂದ ಅಲ್ಲಿಯವರೆಗೆ ಕಳೆದ ತಲೆಮಾರುಗಳು ತಿರುಗಿ ಬರಲಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿಯಿದೆ. ಈ ಬೇಸಿಗೆಯ ರಜೆಯಲ್ಲಿ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಮೂರು ತಲೆಮಾರಿನ ಹೆಸರುಗಳನ್ನೂ ಅವರ ಊರುಗಳನ್ನೂ ಕನ್ನಡದಲ್ಲಿ ನಿಮ್ಮ ಕೈಯಾರೆ ಬರೆದು ತನ್ನಿರಿ. ಹೆಂಗಸರ ಹೆಸರುಗಳನ್ನು ಮರೆಯಬೇಡಿರಿ. ಅವುಗಳನ್ನೆಲ್ಲ ಒಂದು ಪುಸ್ತಕವಾಗಿ ಹೊಲಿದು ಶಾಲೆಯ ವಾಚನಾಲಯದಲ್ಲಿ ಇರಿಸುವ ಕೆಲಸ ನನ್ನದು. “ಅಲ್ಲಿ ಜನರೇ ಇಲ್ಲವೆ?” ಎಂದು ಮುಂದೊಂದು ದಿನ ನಮ್ಮನ್ನು ಕುರಿತು ಯಾವ ಮಗುವಾದರೂ ಕೇಳಿದರೆ, ಅದರ ಕೈಗೆ ಕೊಡಲು ಆ ಪುಸ್ತಕವಾದರೂ ಇರಲಿ.