ಒಬ್ಬನೇ ಬಲಿ, ಎರಡು ಸ್ವಾಗತ

ಸುವರ್ಣ ಮಹೋತ್ಸವದ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯ ಮಿತ್ರರ ಆಗ್ರಹ. ಶಾಲೆಯ ಚರಿತ್ರೆಯನ್ನು ಬಲ್ಲವರು ಬರೆದಾರು. ಬಹುಕಾಲದಿಂದ ಮನಸ್ಸಿನಲ್ಲಿರುವ ಒಂದು ವಿಚಾರವನ್ನು ಮಾತ್ರ ನಾನು ತಮ್ಮ ಮುಂದಿಡುತ್ತೇನೆ.

ಪರನಾಡಿಗೆ ಹೋದವನು ಅಲ್ಲಿಯ ದಿನಚರಿಗೂ ಹಬ್ಬಗಳಿಗೂ ಹೊಂದಿಕೊಳ್ಳಬೇಕಾಗುವುದು ಸಹಜ. ಕೊಲ್ಲಿ ನಾಡುಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಬಲ್ಲರು. ಆದರೆ ಕಾಸರಗೋಡಿನ ಕನ್ನಡಿಗರಾದ ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ನಾನು ಆರು ವರ್ಷದ ಬಾಲಕ. ಮನೆ, ಬಾವಿ, ಭೂತಸ್ಥಾನ ಎಲ್ಲವೂ ಇದ್ದಲ್ಲಿಯೇ ಇದ್ದುವು. ಬಸ್ಸಿನ ಫಲಕ, ಕಛೇರಿಯ ಅರ್ಜಿ, ಶಾಲೆಯ ರಜೆಯ ಪಟ್ಟಿ ಕ್ರಮೇಣ ಬದಲಾದುವು. ಚಂದ್ರಗಿರಿ ಹೊಳೆಯ ಉತ್ತರಭಾಗವು ಅಂದಿನ ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಆ ಕುರಿತು ಬೇಕಾದಷ್ಟು ಬರೆದಾಗಿದೆ. ನನ್ನ ಮಾತು ರಜೆಯ ಪಟ್ಟಿಯನ್ನು ಕುರಿತದ್ದು.

ಓಣಂ ಹಬ್ಬಕ್ಕೆ ನಮ್ಮ ಮಕ್ಕಳಿಗೆ ಸುಮಾರು ಹತ್ತು ದಿನಗಳ ರಜೆ. ದೀಪಾವಳಿಗೆ ಒಂದೇ ದಿನ. ದಸರೆಯ ರಜೆಯಲ್ಲಿ ಮಂಗಳೂರಿನ ಸೋದರಮಾವನ ಮಕ್ಕಳು ಊರಿಗೆ ಬಂದರೆ, ನಮ್ಮವರು ತರಗತಿಯಲ್ಲಿ ಕುಳಿತಿರುತ್ತಾರೆ. ಇದರ ಕಹಿ ನನ್ನಲ್ಲಿಯೂ ಇತ್ತು. ಮುಖ್ಯೋಪಾಧ್ಯಾಯನಾದ ಹೊಸತರಲ್ಲಿ, ಕನ್ನಡ ಶಾಲೆಯಲ್ಲಿ ಓಣಂ ಹೂವಿನ ಕಳ ಬೇಡವೆಂದು ಆಜ್ಞೆ ಮಾಡಿದೆ. ಮಕ್ಕಳು ಬಾಳೆಲೆಯಲ್ಲಿ ತುಂಬೆ ಹೂ ಕೊಯ್ದು ತಂದಿದ್ದರು. ಐದನೆಯ ತರಗತಿಯ ಹುಡುಗಿಯೊಬ್ಬಳು, "ಮಾಸ್ಟ್ರೇ, ದೀಪಾವಳಿಗೆ ನಾವು ಕರೆಯುವ ಬಲಿಯೇಂದ್ರ ಬೇರೆಯವನೇ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಹೂವುಗಳು ಸಂಜೆಯ ಹೊತ್ತಿಗೆ ಜಗಲಿಯಲ್ಲಿ ಬಾಡಿದುವು. ಆ ಆಜ್ಞೆಗಾಗಿ ನಾನು ಇಂದಿಗೂ ನಾಚುತ್ತೇನೆ.

ಹುಡುಗಿಯ ಪ್ರಶ್ನೆಯಲ್ಲಿಯೇ ಉತ್ತರವಿತ್ತು. ಮಲಯಾಳಿಗಳು ಓಣಂನಲ್ಲಿ ಎದುರುಗೊಳ್ಳುವ ಬಲಿ ಚಕ್ರವರ್ತಿಯನ್ನೇ ತುಳುನಾಡಿನವರಾದ ನಾವು ದೀಪಾವಳಿಗೆ ಅಂಗಳದಲ್ಲಿ ಹಾಲೆಮರದ ಕಂಬ ನೆಟ್ಟು, ದೀಪವಿಟ್ಟು, 'ಕೂ' ಎಂದು ಕೂಗಿ ಕರೆಯುತ್ತೇವೆ. ಅವರ ವಿಷುವಿನ ಕಣಿಯೂ ನಮ್ಮ ಬಿಸುವಿನ ಕಣಿಯೂ ಒಂದೇ ಸೌರ ಪಂಚಾಂಗದವು. ಅವರ ಚಿಂಗಂ ನಮ್ಮ ಸೋಣ ತಿಂಗಳು. ಅವರು ಅಂಗಳದಲ್ಲಿ ಹೂವಿನ ಕಳ ಬರೆಯುವ ಕಾಲದಲ್ಲಿಯೇ ನಮ್ಮ ಹೆಂಗಸರು ಹೊಸ್ತಿಲಿಗೆ ಹೂವಿಟ್ಟು ಪೂಜಿಸುತ್ತಾರೆ. ಆದುದರಿಂದ ಓಣಂ ಆಚರಣೆಯಿಂದ ಕನ್ನಡಕ್ಕೆ ಕುಂದು ಬರುವುದೆಂಬ ಭಯ ಸಲ್ಲದು.

ಕುಂದು ಬಂದಿರುವುದು ಬೇರೆಡೆಯಿಂದ. ಓಣಂ ಹಾಡನ್ನು ಕಂಠಪಾಠವಾಗಿ ಒಪ್ಪಿಸುವ ಮಗುವಿಗೆ ಬಲಿಯೇಂದ್ರನನ್ನು ಕರೆಯುವ ಕ್ರಮ ತಿಳಿಯದು. ಎಷ್ಟೋ ಅಂಗಳಗಳಲ್ಲಿ ಆ ಕಂಬ ನೆಡುವುದೇ ನಿಂತಿದೆ. ಇದನ್ನು ಯಾವ ಸರಕಾರವೂ ನಿಷೇಧಿಸಲಿಲ್ಲ. ರಜೆಯ ಪಟ್ಟಿ ನಮ್ಮ ಹಗಲನ್ನು ಗೊತ್ತುಮಾಡಬಹುದು. ಸಂಜೆಯ ದೀಪ ನಮ್ಮ ಕೈಯಲ್ಲಿಯೇ ಇದೆ. ಭಾಷೆಯ ವಿಷಯವೂ ಹಾಗೆಯೇ. ಮನೆಮಾತು ತುಳುವೋ, ಹವ್ಯಕವೋ, ಮರಾಠಿಯೋ, ಮಲಯಾಳವೋ ಆಗಿರುವ ನಾವು ಓದು ಬರಹಕ್ಕೆ ಕನ್ನಡವನ್ನು ಆಯ್ದುಕೊಂಡವರು. ನಮ್ಮ ಮಕ್ಕಳು ಮಲಯಾಳವನ್ನು ಕಲಿಯಲಿ. ಬಸ್ಸಿಗೂ ಕಛೇರಿಗೂ ಅದು ಬೇಕು, ನೆರೆಮನೆಗೂ ಬೇಕು. ಆದರೆ ನಾವು ಹೇಳಿಕೊಡಬೇಕಾದುದನ್ನು ಹೇಳಿಕೊಡದೆ, ತಪ್ಪನ್ನೆಲ್ಲ ಗಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಹಕ್ಕಿಗಾಗಿ ಮನವಿ ಸಲ್ಲಿಸುವವನ ಮನೆಯಲ್ಲಿ ಕನ್ನಡ ಪುಸ್ತಕವೊಂದಾದರೂ ಇರಬೇಡವೇ?

ಆದುದರಿಂದ ನನ್ನದೊಂದು ವಿನಂತಿ. ಐವತ್ತೊಂದನೆಯ ವರ್ಷದಿಂದ ನಮ್ಮ ಶಾಲೆಯಲ್ಲಿ ಓಣಂ ಹೂವಿನ ಕಳವನ್ನು ಸಂತೋಷದಿಂದ ಬರೆಯೋಣ. ದೀಪಾವಳಿಯ ರಜೆ ಮುಗಿದು ಶಾಲೆ ತೆರೆದ ಸಂಜೆ ಬಲಿಯೇಂದ್ರನ ಕಂಬವನ್ನೂ ನೆಡೋಣ. ಮಲಯಾಳ ವಿಭಾಗದ ಮಕ್ಕಳನ್ನೂ ಕರೆಯೋಣ. ದೂರದಲ್ಲಿರುವ ಹಳೆ ವಿದ್ಯಾರ್ಥಿಗಳು ಹಣ ಕಳುಹಿಸುವುದರ ಜೊತೆಗೆ, ತಾವಿರುವಲ್ಲಿಯೇ ತಮ್ಮ ಮಕ್ಕಳಿಗೆ ಆ ಒಂದು 'ಕೂ' ಕಲಿಸಲಿ. ಹೂವನ್ನು ಬಾಡಿಸಿದವನ ಈ ಮಾತನ್ನು ತಾವು ನಡೆಸಿಕೊಟ್ಟರೆ ನಾನು ಧನ್ಯ. ಶಾಲೆಯು ಶತಮಾನೋತ್ಸವವನ್ನು ಕಾಣಲಿ.