ಎರಡು ಒಲವುಗಳು, ಒಂದು ಆಯುಸ್ಸು

ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದ ವಾರದಲ್ಲಿ ತಾಯಿತಂದೆಗಳು ಮಗಳನ್ನು ಕರಕೊಂಡು ನಮ್ಮ ಕೋಣೆಗೆ ಬರುವದು ವರ್ಷವರ್ಷವೂ ಉಂಟು. ಈಚೆಗೆ ಬಂದ ಒಬ್ಬ ಬಾಲಿಕೆಗೆ ವೈದ್ಯಳಾಗಬೇಕೆಂಬ ಆಶೆ. ಯಕ್ಷಗಾನದ ಗೆಜ್ಜೆಯನ್ನು ಬಿಚ್ಚಲಾರೆನೆಂಬ ಹಟವೂ ಅಷ್ಟೇ ಬಲವಾದದ್ದು. "ಟೀಚರರೇ, ಎರಡರಲ್ಲಿ ಒಂದನ್ನು ಬಿಡೆಂದು ತಾವೇ ಇವಳಿಗೆ ಹೇಳಬೇಕು" ಎಂದು ತಂದೆಯವರು ಬೇಡಿಕೊಂಡರು. ಹುಡುಗಿಯು ತಲೆ ತಗ್ಗಿಸಿ ನಿಂತಿದ್ದಳು. ನಾವು ಹಾಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂಬದನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಈ ಸಂಚಿಕೆಯ ಮೂಲಕ ಅರಿಕೆ ಮಾಡುವದು ಉಚಿತವೆಂದು ತೋರಿತು.

ಎರಡು ದೋಣಿಗಳಲ್ಲಿ ಕಾಲಿಟ್ಟವನು ನೀರುಪಾಲಾಗುವನೆಂಬ ಮಾತು ಕಾಪುವಿನ ಕಡಲಂಚಿನಲ್ಲಿರುವ ನಮಗೆ ಹೊಸತಲ್ಲ. ಆದರೆ ಒಂದೇ ದೋಣಿಗೆ ಎರಡು ಹುಟ್ಟುಗಳಿದ್ದರೆ ಅದು ಮುಳುಗುವದಿಲ್ಲವಷ್ಟೆ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಬಡತನದ ದೆಸೆಯಿಂದ ಹೆಚ್ಚಿನ ಓದು ಸಾಗದೆ, ವ್ಯಾಯಾಮ ಶಿಕ್ಷಕರ ತರಬೇತಿ ಹೊಂದಿ, ಉಡುಪಿಯಲ್ಲಿ ಹುಡುಗರಿಗೆ ಕವಾಯತು ಕಲಿಸುವ ಕೆಲಸಕ್ಕೆ ಸೇರಿದರು. ಹಗಲೆಲ್ಲ ಬಿಸಿಲಿನಲ್ಲಿ ಸಾಲು ನಿಲ್ಲಿಸಿ ಕೈಕಾಲು ಆಡಿಸುತ್ತಿದ್ದ ಈ ಮೇಷ್ಟರೇ ಮುದ್ದಣನೆಂಬ ಹೆಸರಿನಲ್ಲಿ 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ಶ್ರೀರಾಮಾಶ್ವಮೇಧ'ಗಳನ್ನು ಬರೆದ ಮಹಾಕವಿ. ಕವಾಯತಿಗೂ ಹಳಗನ್ನಡಕ್ಕೂ ಏನು ಸಂಬಂಧ? ಮೊದಲಿನದು ಅನ್ನವನ್ನು ಕೊಟ್ಟಿತು. ಎರಡನೆಯದು ಹೆಸರನ್ನು ಉಳಿಸಿತು.

ಈ ಬಾಳನ್ನು ಸುಲಭವೆಂದು ಹೊಗಳುವದು ಸತ್ಯವಾಗದು. ಕ್ಷಯರೋಗಕ್ಕೆ ತುತ್ತಾಗಿ 1901ರಲ್ಲಿ, 31 ವರ್ಷ ಪ್ರಾಯದಲ್ಲಿ, ಅವರು ತೀರಿಹೋದರು. ಹೊಟ್ಟೆಪಾಡನ್ನೂ ಒಲವನ್ನೂ ಒಂದೇ ದೇಹದ ಮೇಲೆ ಹೊರಿಸುವದು ಕಷ್ಟ. ಕಷ್ಟವೆಂದ ಮಾತ್ರಕ್ಕೆ ಅಸಾಧ್ಯವಲ್ಲ.

ಎರಡು ಒಲವುಗಳು ಒಂದನ್ನೊಂದು ಪೋಷಿಸುವದೂ ಉಂಟು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ 1991ರಲ್ಲಿ ತೀರಿಹೋದ ಡಾ. ಅನುಪಮಾ ನಿರಂಜನರು ವೈದ್ಯರೂ ಆಗಿದ್ದರು, ಕಾದಂಬರಿಕಾರ್ತಿಯೂ ಆಗಿದ್ದರು. ವೈದ್ಯಶಾಸ್ತ್ರದ ಅರಿವೂ ಲೇಖನಿಯ ಸರಳತೆಯೂ ಒಬ್ಬಳಲ್ಲೇ ಕೂಡಿದ್ದರಿಂದ 'ತಾಯಿ-ಮಗು', 'ಕೇಳು ಕಿಶೋರಿ' ಎಂಬ ಪುಸ್ತಕಗಳು ಕನ್ನಡದ ಹೆಂಗಸರಿಗೆ ದೊರೆತವು. ಯೌವನಕ್ಕೆ ಕಾಲಿಡುವ ಹುಡುಗಿಯು ತಾಯಿಯೊಡನೆಯೂ ಕೇಳಲು ನಾಚುವ ಸಂಗತಿಗಳನ್ನು ಅವರು ಅಂಜಿಕೆಯಿಲ್ಲದೆ ತಿಳಿಹೇಳಿದರು.

ಹಾಗಾದರೆ ಆರಿಸುವದು ಹೇಗೆ? ನಮ್ಮ ಅಭಿಪ್ರಾಯವೇನೆಂದರೆ, ಯಾವದು ಹೆಚ್ಚು ಪ್ರಿಯವೆಂದು ಹದಿನಾರರ ಹುಡುಗಿಯನ್ನು ಕೇಳಬಾರದು. ಆ ಪ್ರಶ್ನೆಗೆ ಅವಳಲ್ಲಿ ಉತ್ತರವಿಲ್ಲ. ಯಾವದರ ಬಾಗಲು ಬೇಗನೆ ಮುಚ್ಚುವದೆಂದು ಕೇಳತಕ್ಕದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದದವಳಿಗೆ ವೈದ್ಯಕೀಯ ಕಾಲೇಜಿನ ಪ್ರವೇಶವಿಲ್ಲ. ಆದಕಾರಣ ಅವಳು ವಿಜ್ಞಾನಕ್ಕೇ ಸೇರಲಿ. ಗೆಜ್ಜೆಯಾದರೋ ಕಾಯಬಲ್ಲದು, ಪೂರಾ ಬಿಟ್ಟರೆ ಮಾತ್ರ ಹೆಜ್ಜೆಯು ಕಾಲಿಗೆ ತಿರುಗಿ ಹತ್ತುವದು ಕಷ್ಟ. ವಾರಕ್ಕೊಂದು ಸಂಜೆಯನ್ನಾದರೂ ಅದಕ್ಕೆ ಮೀಸಲಿಟ್ಟಿರಬೇಕು.

ಇಲ್ಲಿ ತಾಯಿತಂದೆಗಳಿಗೆ ಒಂದು ಮಾತು ಹೇಳದೆ ಇರಲಾರೆವು. ಗಂಡುಮಗನ ಸಂಜೆಯು ಅವನದು. ಹೆಣ್ಣುಮಗಳ ಸಂಜೆಯು ಮನೆಮಂದಿಯೆಲ್ಲರದು. ಅವಳು ಪುಸ್ತಕ ಹಿಡಿದರೆ ಓದುತ್ತಾಳೆಂದು ಸುಮ್ಮನಿರುವ ಮನೆಯವರೇ ಹೆಜ್ಜೆ ಹಾಕಿದರೆ ಬಿಡುವಾಗಿದ್ದಾಳೆಂದು ತಿಳಿದು ತೆಂಗಿನಕಾಯಿ ತುರಿಯಲು ಕರೆಯುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿಯ ಹಾಡೂ ಚಿತ್ರವೂ ನಿಂತುಹೋದದ್ದು ಉದ್ಯೋಗದ ದೆಸೆಯಿಂದಲ್ಲ, ಈ ಕರೆಯ ದೆಸೆಯಿಂದ. ಇದನ್ನು ಓದುವಾಗ ಅವರಿಗೆ ತಮ್ಮ ನೆನಪೇ ಬಂದೀತು.

ಮುದ್ದಣನ ರಾಮಾಶ್ವಮೇಧದಲ್ಲಿ ಮನೋರಮೆಯು ಕುಳಿತು ಕಥೆಯನ್ನು ಕೇಳುತ್ತಾಳೆ. ನಡುವೆ ಪ್ರಶ್ನಿಸುತ್ತಾಳೆ, ಅರ್ಥವಾಗದ ಸಂಸ್ಕೃತಕ್ಕೆ ಮುನಿಯುತ್ತಾಳೆ, ನಗುತ್ತಾಳೆ. ಅವಳಿಲ್ಲದಿದ್ದರೆ ಆ ಕಾವ್ಯಕ್ಕೆ ಅಷ್ಟು ಸೊಗಸಿರುತ್ತಿರಲಿಲ್ಲ. ಗಂಡಸಿನ ಒಲವಿಗೆ ಕಿವಿಗೊಡುವ ಮನೋರಮೆಯರು ನಮ್ಮ ಮನೆಗಳಲ್ಲಿ ಬೇಕಾದಷ್ಟಿದ್ದಾರೆ. ಹೆಣ್ಣುಮಗಳ ಒಲವಿಗೆ ಕಿವಿಗೊಡುವವರು ಯಾರು?

ಆ ದಿನ ನಾವು ತಂದೆಯವರಿಗೆ ಕೇಳಿಕೊಂಡದ್ದು ಇಷ್ಟೇ: "ತಾವು ಅವಳನ್ನು ಒಂದನ್ನು ಬಿಡೆನ್ನಬೇಡಿರಿ. ಶನಿವಾರದ ಸಂಜೆ ಅವಳನ್ನು ಯಾವ ಕೆಲಸಕ್ಕೂ ಕರೆಯದೆ, ಅವಳ ಹೆಜ್ಜೆಯನ್ನು ಅರ್ಧ ತಾಸು ಕುಳಿತು ನೋಡಿರಿ. ಮುಂದೆ ಒಂದನ್ನು ಬಿಡಬೇಕಾಗಿ ಬಂದರೆ ಅವಳೇ ತಿಳಿದು ಬಿಡಲಿ." ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಡೆಗೆ, ಯಕ್ಷಗಾನದ ತರಗತಿಯು ಎಷ್ಟು ಗಂಟೆಗೆಂದು ಮಗಳನ್ನೇ ಕೇಳಿದರು. ಅಷ್ಟು ವರ್ಷಗಳಿಂದ ಕುಣಿಯುತ್ತಿದ್ದವಳನ್ನು ಅದನ್ನು ಕೇಳಿದ್ದು ಅದೇ ಮೊದಲಂತೆ.